ಆರೈಕೆಯೂ ಒಂದು ಬಿಡಿಭಾಗ: ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಮುಂಭಾಗದ ಸಸ್ಪೆನ್ಷನ್ ದುರಸ್ತಿಯ ವಿಮರ್ಶೆ

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮರಳಿ ರಸ್ತೆಗೆ ತರುವ ಕೆಲಸದಲ್ಲಿ ಬಣ್ಣಕ್ಕೆ, ಎಂಜಿನ್ನಿಗೆ ಮತ್ತು ಒಳಾಂಗಣಕ್ಕೆ ಸಲ್ಲುವಷ್ಟು ಗಮನ ಮುಂಚಕ್ರಗಳನ್ನು ಹಿಡಿದು ನಿಲ್ಲಿಸಿರುವ ಸಸ್ಪೆನ್ಷನ್ ಭಾಗಗಳಿಗೆ ಸಲ್ಲುವುದಿಲ್ಲ. ಸಂದಾಗಲೂ ಅದು ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತದೆ: ಬಿಡಿಭಾಗಗಳ ಕಿಟ್ಟೊಂದನ್ನು ಕೊಂಡು, ಹಳೆಯದನ್ನೆಲ್ಲ ಬಿಚ್ಚಿ, ಹೊಸದನ್ನೆಲ್ಲ ಜೋಡಿಸಿ, ಕೆಲಸ ಮುಗಿಯಿತೆಂದು ತಿಳಿಯುವುದು ಸಾಮಾನ್ಯ ರೂಢಿ. ಈ ರೂಢಿಯ ಗುಣದೋಷಗಳನ್ನು ಅಳೆಯಲು 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ, ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದ ಟ್ರಯಂಫ್ ಸ್ಪಿಟ್‌ಫೈರ್ ತಕ್ಕ ನಿದರ್ಶನ. ಅದರ ಮುಂಭಾಗದ ಸಸ್ಪೆನ್ಷನ್ ಸರಳವಾದದ್ದು, ಹಗುರವಾದದ್ದು, ಸಾಧಾರಣ ಸಲಕರಣೆಗಳಿಂದಲೇ ಬಿಚ್ಚಿ ಜೋಡಿಸಬಹುದಾದದ್ದು. ಅದೇ ಹೊತ್ತಿಗೆ ಅದರೊಳಗಿನ ಒಂದು ಕೀಲು ಸಕಾಲದ ಉಪಚಾರವಿಲ್ಲದೆ ಹೋದರೆ ಉಕ್ಕಿನ ಕಂಬವನ್ನೇ ಮುರಿದು ಚಕ್ರವನ್ನು ಮಡಚಿ ಹಾಕಬಲ್ಲದು. ಮಾಲೀಕನ ಆರೈಕೆಯನ್ನು ತನ್ನ ಬಿಡಿಭಾಗಗಳಲ್ಲಿ ಒಂದಾಗಿ ಎಣಿಸಿಕೊಂಡೇ ರೂಪುಗೊಂಡ ರಚನೆಯಿದು. ಅಂಥ ರಚನೆಯ ದುರಸ್ತಿಯನ್ನು ಅಳವಡಿಸಿದ ಹೊಸ ಭಾಗಗಳ ಸಂಖ್ಯೆಯಿಂದ ಅಳೆದರೆ ಸಾಲದು. ಕಣ್ಣಿಗೆ ಬೀಳದ ಉಕ್ಕನ್ನು ಎಷ್ಟು ಶ್ರದ್ಧೆಯಿಂದ ಪರೀಕ್ಷಿಸಲಾಯಿತು, ಮುಂದಿನ ಆರೈಕೆಗೆ ಎಂಥ ಏರ್ಪಾಡು ಮಾಡಲಾಯಿತು ಎಂಬುದರಿಂದ ಅಳೆಯಬೇಕಾಗುತ್ತದೆ.

ಸ್ಪಿಟ್‌ಫೈರ್‌ನ ಮುಂಭಾಗವನ್ನು ಅರಿಯಲು ಅದಕ್ಕಿಂತ ಮೂರು ವರ್ಷ ಮೊದಲು, 1959ರಲ್ಲಿ, ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ ಬಿಡುಗಡೆ ಮಾಡಿದ ಹೆರಾಲ್ಡ್ ಎಂಬ ಕುಟುಂಬದ ಕಾರಿನತ್ತ ನೋಡಬೇಕು. ಕಂಪನಿಗೆ ಕಾರಿನ ಕವಚವನ್ನು ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೋ ಸಂಸ್ಥೆ 1953ರಲ್ಲಿ ಪ್ರತಿಸ್ಪರ್ಧಿ ಬಿಎಂಸಿಯ ವಶವಾದ ಮೇಲೆ, ಕವಚ ಮತ್ತು ಚೌಕಟ್ಟು ಒಂದಾಗಿ ಬೆಸೆದುಕೊಂಡ ಆಧುನಿಕ ರಚನೆಯನ್ನು ಕೈಗೆತ್ತಿಕೊಳ್ಳುವುದು ಕಂಪನಿಗೆ ಕಷ್ಟವಾಯಿತು. ಹಾಗಾಗಿ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್ ಅವರ ತಂಡ ಪ್ರತ್ಯೇಕ ಛಾಸಿಯ ಮೇಲೆ ಬೋಲ್ಟುಗಳಿಂದ ಬಿಗಿಯುವ ತುಂಡುತುಂಡಾದ ಕವಚದ ಹಾದಿ ಹಿಡಿಯಿತು. ಇಟಲಿಯ ವಿನ್ಯಾಸಕಾರ ಜೊವಾನಿ ಮಿಕೆಲೊಟ್ಟಿ ಅದಕ್ಕೆ ರೂಪ ಕೊಟ್ಟರು. ಆ ಹೆರಾಲ್ಡ್‌ನ ಛಾಸಿಯನ್ನು ಮೊಟಕುಗೊಳಿಸಿ, ಅದರ ಸಸ್ಪೆನ್ಷನ್ನನ್ನು ಉಳಿಸಿಕೊಂಡು, ಮಿಕೆಲೊಟ್ಟಿಯವರಿಂದಲೇ ಮತ್ತೊಂದು ಕವಚವನ್ನು ಬರೆಸಿದಾಗ ಸ್ಪಿಟ್‌ಫೈರ್ ಹುಟ್ಟಿತು. ಎರಡು ಕಾರುಗಳಲ್ಲೂ ಬಾನೆಟ್ ಮತ್ತು ಮುಂಚಕ್ರಗಳ ಮೇಲಿನ ಮಡ್‌ಗಾರ್ಡುಗಳು ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಹಾಗೆ ತೆರೆದಾಗ ಸ್ಪ್ರಿಂಗು, ತೋಳು, ಕೀಲು, ಸ್ಟಿಯರಿಂಗ್ ರಾಡುಗಳೆಲ್ಲ ಯಾವ ಮರೆಯೂ ಇಲ್ಲದೆ ಎದುರಿಗೆ ಬರುತ್ತವೆ. ಟಯರಿನ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದಾದ ಈ ಅನುಕೂಲವೇ ಮಾಲೀಕರನ್ನು ತಮ್ಮ ಕಾರಿನ ದುರಸ್ತಿಗೆ ತಾವೇ ಇಳಿಯುವಂತೆ ಮಾಡಿದೆ. ಆದರೆ ಎಲ್ಲವೂ ಕಾಣುತ್ತದೆಂಬ ಈ ಭಾವನೆಯೇ ದಾರಿ ತಪ್ಪಿಸುವುದೂ ಉಂಟು, ಏಕೆಂದರೆ ಈ ಸಸ್ಪೆನ್ಷನ್ನಿನಲ್ಲಿ ನೋಡಲೇಬೇಕಾದ ಭಾಗ ಬಾನೆಟ್ ತೆರೆದರೂ ಕಾಣುವುದಿಲ್ಲ.

ರಚನೆಯ ಸ್ಥೂಲ ರೂಪ ಹೀಗಿದೆ. ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ವಿಶ್‌ಬೋನ್ ಇರುತ್ತದೆ. ವಿಶ್‌ಬೋನ್ ಎಂದರೆ ಒಳತುದಿಯಲ್ಲಿ ಎರಡು ಕಾಲುಗಳಾಗಿ ಕವಲೊಡೆದು ಛಾಸಿಗೆ ಕೀಲಿಸಿಕೊಂಡ, ಹೊರತುದಿಯಲ್ಲಿ ಒಂದಾಗಿ ಕೂಡಿದ ತೋಳು. ಈ ಎರಡು ತೋಳುಗಳ ಹೊರತುದಿಗಳನ್ನು ಜೋಡಿಸುವುದು ವರ್ಟಿಕಲ್ ಲಿಂಕ್ ಎಂದು ಕರೆಯುವ ನೆಟ್ಟನೆಯ ಉಕ್ಕಿನ ಕಂಬ. ಚಕ್ರದ ಹಬ್ ಕುಳಿತುಕೊಳ್ಳುವ ಗೂಟ, ಬ್ರೇಕ್ ಕ್ಯಾಲಿಪರ್, ಸ್ಟಿಯರಿಂಗ್ ತೋಳು ಇವೆಲ್ಲ ಈ ಕಂಬಕ್ಕೇ ಸೇರಿಕೊಂಡಿರುತ್ತವೆ. ಕಂಬದ ಮೇಲ್ತುದಿ ಬಾಲ್ ಜಾಯಿಂಟ್ ಮೂಲಕ, ಅಂದರೆ ಗುಂಡು ಮತ್ತು ಬಟ್ಟಲಿನ ಕೀಲಿನ ಮೂಲಕ, ಮೇಲಿನ ವಿಶ್‌ಬೋನಿಗೆ ಕೂಡಿಕೊಳ್ಳುತ್ತದೆ. ಕೆಳತುದಿಯ ಏರ್ಪಾಡು ಬೇರೆ: ಅಲ್ಲಿ ಕಂಬದ ಮೇಲೆ ಸ್ಕ್ರೂವಿನಂತೆ ಥ್ರೆಡ್ ಕೊರೆಯಲಾಗಿದ್ದು, ಅದು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದ ಟ್ರನಿಯನ್ ಎಂಬ ಗಟ್ಟಿಯೊಳಕ್ಕೆ ತಿರುಗಿಕೊಂಡು ಇಳಿದಿರುತ್ತದೆ. ಟ್ರನಿಯನ್ನಿನ ಬುಡದಲ್ಲಿ ಅಡ್ಡಲಾಗಿ ಒಂದು ರಂಧ್ರವಿದ್ದು, ಅದರೊಳಗೆ ನೈಲಾನ್ ಬುಷ್‌ಗಳು, ಅವುಗಳ ನಡುವೆ ಉಕ್ಕಿನ ಕೊಳವೆ, ಕೊಳವೆಯ ಮೂಲಕ ಹಾಯುವ ಉದ್ದನೆಯ ಬೋಲ್ಟು ಇರುತ್ತವೆ. ಆ ಬೋಲ್ಟು ಟ್ರನಿಯನ್ನನ್ನು ಕೆಳಗಿನ ವಿಶ್‌ಬೋನಿಗೆ ಕಟ್ಟುತ್ತದೆ. ಹೀಗೆ ಒಂದೇ ಟ್ರನಿಯನ್ ಎರಡು ಬಗೆಯ ಚಲನೆಗೆ ಅವಕಾಶ ಕೊಡುತ್ತದೆ: ಚಕ್ರ ಏರಿಳಿದಾಗ ಅಡ್ಡ ಬೋಲ್ಟಿನ ಸುತ್ತ ತೊನೆಯುತ್ತದೆ, ಸ್ಟಿಯರಿಂಗ್ ತಿರುಗಿಸಿದಾಗ ಕಂಬವು ಥ್ರೆಡ್‌ಗಳ ಮೇಲೆ ಹೊರಳುತ್ತದೆ. ಎಡಗಡೆಯ ಮತ್ತು ಬಲಗಡೆಯ ಥ್ರೆಡ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನವು, ಆದ್ದರಿಂದ ಒಂದು ಬದಿಯ ಟ್ರನಿಯನ್ ಇನ್ನೊಂದು ಬದಿಗೆ ಬರುವುದಿಲ್ಲ.

ವಿನ್ಯಾಸವಾಗಿ ಈ ಏರ್ಪಾಡಿಗೆ ಮೆಚ್ಚುಗೆ ಸಲ್ಲಲೇಬೇಕು. ಥ್ರೆಡ್‌ಗಳ ಸುತ್ತುಗಳು ಭಾರವನ್ನು ದೊಡ್ಡ ಮೇಲ್ಮೈಗೆ ಹಂಚುತ್ತವೆ. ಉಕ್ಕು ಮತ್ತು ತಾಮ್ರದ ಮಿಶ್ರಲೋಹದ ಜೋಡಿ ಎಣ್ಣೆಯ ಪದರದ ಮೇಲೆ ನಿಧಾನವಾಗಿ, ನಯವಾಗಿ ಸರಿಯುತ್ತದೆ. ಹೆರಾಲ್ಡ್ ಕಾರು 25 ಅಡಿಯ, ಅಂದರೆ ಸುಮಾರು 7.6 ಮೀಟರಿನ, ವೃತ್ತದಲ್ಲೇ ಸುತ್ತಿ ಬರಬಲ್ಲದೆಂಬ ಖ್ಯಾತಿಗೆ ಚಕ್ರಗಳನ್ನು ಅಷ್ಟು ತೀವ್ರವಾದ ಕೋನಕ್ಕೆ ತಿರುಗಗೊಡುವ ಈ ಮುಂಭಾಗವೇ ಕಾರಣ. ಇದೇ ವರ್ಟಿಕಲ್ ಲಿಂಕನ್ನು ಲೋಟಸ್ ಕಂಪನಿ ತನ್ನ ಸೆವೆನ್ ಮತ್ತು ಎಲಾನ್ ಕಾರುಗಳಿಗೆ ಆಯ್ದುಕೊಂಡದ್ದು ಅದರ ಹಗುರತನಕ್ಕೂ ಸಾಮರ್ಥ್ಯಕ್ಕೂ ದೊರೆತ ಮನ್ನಣೆ. ಸ್ಪಿಟ್‌ಫೈರ್‌ನ ಹಿಂಭಾಗದ ಸ್ವಿಂಗ್ ಆಕ್ಸಲ್ ತಿರುವುಗಳಲ್ಲಿ ಚಕ್ರವನ್ನು ಒಳಮಡಚುವ ದೋಷಕ್ಕಾಗಿ ವರ್ಷಗಟ್ಟಲೆ ಟೀಕೆಗೊಳಗಾಗಿ ಕೊನೆಗೆ ತಿದ್ದುಪಡಿಯನ್ನೂ ಕಂಡಿತು. ಮುಂಭಾಗದ ಮೂಲ ರಚನೆ ಮಾತ್ರ ತಯಾರಿಕೆಯ ಹದಿನೆಂಟು ವರ್ಷಗಳ ಉದ್ದಕ್ಕೂ ಹಾಗೆಯೇ ಉಳಿಯಿತು.

ಆದರೂ ಭಾರ ಹರಿಯುವ ಹಾದಿಯನ್ನು ಗಮನಿಸಿದಾಗ ಈ ರಚನೆಯ ಸೂಕ್ಷ್ಮ ಸ್ಥಳ ಯಾವುದೆಂಬುದು ತಿಳಿಯುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ ಛಾಸಿಗೂ ಕೆಳತುದಿ ಕೆಳಗಿನ ವಿಶ್‌ಬೋನಿಗೂ ಕೂಡಿರುವುದರಿಂದ, ಕಾರಿನ ಆ ಮೂಲೆಯ ತೂಕವೆಲ್ಲ ಕೆಳಗಿನ ತೋಳನ್ನು ನೆಲದತ್ತ ಒತ್ತುತ್ತದೆ. ರಸ್ತೆಯ ಪ್ರತಿಬಲವೋ ಚಕ್ರದ ಮೂಲಕ ವರ್ಟಿಕಲ್ ಲಿಂಕನ್ನು ಮೇಲಕ್ಕೆ ನೂಕುತ್ತದೆ. ಒಂದು ಕೆಳಕ್ಕೆ, ಇನ್ನೊಂದು ಮೇಲಕ್ಕೆ ಎಳೆಯುವ ಈ ಎರಡು ಬಲಗಳು ಎದುರಾಗುವುದು ಟ್ರನಿಯನ್ನಿನೊಳಗೆ ಹುದುಗಿರುವ ಥ್ರೆಡ್‌ಗಳಲ್ಲಿ. ಮೇಲಿನ ಬಾಲ್ ಜಾಯಿಂಟ್ ಕಂಬವನ್ನು ಅದರ ಜಾಗದಲ್ಲಿ ನಿಲ್ಲಿಸುತ್ತದೆಯೇ ಹೊರತು ತೂಕ ಹೊರುವ ಹೊಣೆ ಅದಕ್ಕಿಲ್ಲ. ಇದರ ಮೇಲೆ, ಕಾರು ತಿರುವಿನಲ್ಲಿ ಸಾಗುವಾಗ ಟಯರಿನ ತಳದಲ್ಲಿ ಹುಟ್ಟುವ ಅಡ್ಡಬಲ ಕಂಬದ ಕೆಳಭಾಗವನ್ನು ಬಾಗಿಸಲು ನೋಡುತ್ತದೆ, ಸ್ಟಿಯರಿಂಗ್ ತಿರುಗಿಸುವಾಗ ಹುಟ್ಟುವ ಘರ್ಷಣೆ ಅದನ್ನು ತಿರುಚಲು ನೋಡುತ್ತದೆ. ಎಳೆತ, ಬಾಗು, ತಿರುಚು ಈ ಮೂರೂ ಒಂದೆಡೆ ಸೇರುವ ಜಾಗದಲ್ಲಿಯೇ ಥ್ರೆಡ್ ಕೊರೆಯಲಾಗಿದೆ. ಲೋಹದ ಮೇಲಿನ ಯಾವುದೇ ಚೂಪಾದ ಕಚ್ಚು ಒತ್ತಡವನ್ನು ತನ್ನ ತಳದಲ್ಲಿ ಕೇಂದ್ರೀಕರಿಸಿಕೊಳ್ಳುತ್ತದೆ ಎಂಬುದು ಯಂತ್ರಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಟ್ರನಿಯನ್ ಸೋಲುವ ಬಗೆ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಟ್ರನಿಯನ್ನಿನ ಬಾಯಿಗೆ ಹಾಕಿದ ರಬ್ಬರಿನ ಸೀಲ್ ವರ್ಷಗಳು ಕಳೆದಂತೆ ಗಡುಸಾಗಿ ಸೀಳುತ್ತದೆ. ಮಳೆನೀರು, ಶೀತಪ್ರದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನ ನೀರು, ಆ ಸೀಳಿನಿಂದ ಥ್ರೆಡ್‌ಗಳೊಳಕ್ಕೆ ಇಳಿಯುತ್ತದೆ. ಒಳಗೆ ಎಣ್ಣೆ ತುಂಬಿದ್ದರೆ ನೀರಿಗೆ ಜಾಗವಿರುವುದಿಲ್ಲ. ಎಣ್ಣೆ ಒಣಗಿದ್ದರೆ ಉಕ್ಕಿನ ಮೇಲೆ ತುಕ್ಕು ಹತ್ತಿ ಥ್ರೆಡ್‌ನ ತಳದಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ಈಗಾಗಲೇ ಒತ್ತಡ ಕೇಂದ್ರೀಕರಿಸಿದ ಜಾಗದಲ್ಲಿ ಬಿದ್ದ ಆ ಕುಳಿಯಿಂದ ಕೂದಲೆಳೆಯಷ್ಟು ಬಿರುಕು ಹೊರಟು, ಪ್ರತಿ ತಿರುವಿಗೂ ಪ್ರತಿ ಗುಂಡಿಗೂ ಕಣಕಣವಾಗಿ ಬೆಳೆಯುತ್ತ ಹೋಗುತ್ತದೆ. ಪದೇಪದೇ ಏರಿಳಿಯುವ ಬಲದಿಂದ ಲೋಹ ಹೀಗೆ ಸೋಲುವುದನ್ನು ಲೋಹದ ದಣಿವು ಎನ್ನುತ್ತಾರೆ. ತುಕ್ಕಿನಿಂದ ಕೀಲು ಬಿಗಿದುಕೊಂಡಷ್ಟೂ ಸ್ಟಿಯರಿಂಗ್ ತಿರುಗಿಸುವಾಗಿನ ತಿರುಚುಬಲ ಹೆಚ್ಚುತ್ತದೆ. ಕಾರು ನಿಂತಲ್ಲೇ ಅಥವಾ ತೀರ ನಿಧಾನವಾಗಿ ಸರಿಯುವಾಗ ಚಕ್ರವನ್ನು ಪೂರ್ತಿ ತಿರುಗಿಸಲು ಬೇಕಾಗುವ ಬಲ ಅತ್ಯಧಿಕವಾದ್ದರಿಂದ, ಕಂಬ ಮುರಿದ ಪ್ರಸಂಗಗಳು ಕಾರನ್ನು ನಿಲ್ಲಿಸುವ ಅಥವಾ ಹಿಂದೆಮುಂದೆ ಸರಿಸುವ ಹೊತ್ತಿನಲ್ಲಿ ಹೆಚ್ಚಾಗಿ ಕಂಡುಬಂದಿವೆ. ಇದರಿಂದ ಸಮಾಧಾನಪಡಲು ಕಾರಣವಿಲ್ಲ. ಅದೇ ಬಿರುಕು ಹೆದ್ದಾರಿಯ ವೇಗದಲ್ಲಿ ಕೊನೆಮುಟ್ಟದೆಂದು ಯಾರೂ ಭರವಸೆ ಕೊಡಲಾರರು.

ಕಂಪನಿಯ ಕೈಪಿಡಿ ಈ ಅಪಾಯಕ್ಕೆ ಸೂಚಿಸಿದ ಪರಿಹಾರ ಸರಳವಾದದ್ದು: ಪ್ರತಿ 6,000 ಮೈಲಿಗೊಮ್ಮೆ, ಅಂದರೆ ಸುಮಾರು 9,600 ಕಿಲೋಮೀಟರಿಗೊಮ್ಮೆ, ಟ್ರನಿಯನ್ನಿಗೆ ಗೇರ್‌ಬಾಕ್ಸಿಗೆ ಹಾಕುವಂಥ 90 ದರ್ಜೆಯ ದಪ್ಪ ಎಣ್ಣೆಯನ್ನು ಒತ್ತಿ ತುಂಬಬೇಕು. ಇಲ್ಲಿ ಎಣ್ಣೆ ಎಂಬುದಕ್ಕೆ ಒತ್ತುಕೊಡಬೇಕಾಗುತ್ತದೆ. ಎಣ್ಣೆ ತುಂಬಲು ಬಳಸುವ ಉಪಕರಣ ಗ್ರೀಸ್ ಗನ್, ಅದು ಕಚ್ಚಿಕೊಳ್ಳುವ ಮೂತಿ ಗ್ರೀಸ್ ನಿಪ್ಪಲ್. ಹೀಗಾಗಿ ಗ್ರೀಸನ್ನೇ ಒತ್ತುವ ತಪ್ಪು ಲೋಕವ್ಯಾಪಿಯಾಗಿದೆ. ಗ್ರೀಸ್ ಎಂದರೆ ಸಾಬೂನಿನಂಥ ದ್ರವ್ಯದಲ್ಲಿ ಹಿಡಿದಿಟ್ಟ ಎಣ್ಣೆ. ಅದು ಇಟ್ಟಲ್ಲೇ ನಿಲ್ಲುತ್ತದೆ, ಇಕ್ಕಟ್ಟಾದ ಥ್ರೆಡ್‌ಗಳ ಮೇಲಿನ ಸುತ್ತುಗಳವರೆಗೆ ತಾನಾಗಿ ಹರಿಯುವುದಿಲ್ಲ, ಕಾಲಕ್ರಮದಲ್ಲಿ ಎಣ್ಣೆಯಂಶ ಬಸಿದುಹೋಗಿ ಮೇಣದಂತೆ ಗಟ್ಟಿಯಾಗುತ್ತದೆ. ಹೊರಗೆ ಇಣುಕುವ ಗ್ರೀಸಿನ ಉಂಗುರವನ್ನು ನೋಡಿ ಕೀಲು ಸುರಕ್ಷಿತವೆಂದು ಮಾಲೀಕ ನಂಬಿರುವಾಗಲೇ ಒಳಗೆ ಉಕ್ಕು ಒಣಗಿ ತುಕ್ಕು ಹಿಡಿಯುತ್ತಿರುವುದು ಸಾಧ್ಯ. ಗೇರ್ ಎಣ್ಣೆಗಳ ಕೆಲವು ಗಂಧಕಯುಕ್ತ ಸೇರ್ಪಡೆಗಳು ತಾಮ್ರದ ಮಿಶ್ರಲೋಹವನ್ನು ತಿನ್ನುತ್ತವೆಂಬ ಆತಂಕವೂ ಚರ್ಚೆಯಲ್ಲಿದೆ. ಆ ಪ್ರಕ್ರಿಯೆ ಮುಖ್ಯವಾಗಿ ಬಿಸಿಯಲ್ಲಿ ನಡೆಯುವಂಥದ್ದು, ಟ್ರನಿಯನ್ ಅಷ್ಟು ಬಿಸಿಯಾಗುವುದಿಲ್ಲ, ಆದ್ದರಿಂದ ಸೌಮ್ಯವಾದ ಜಿಎಲ್-4 ಎಣ್ಣೆಯನ್ನು ಆರಿಸಿಕೊಂಡು ಆ ಚರ್ಚೆಯನ್ನು ಅಲ್ಲಿಗೇ ಬಿಡಬಹುದು. ಎಣ್ಣೆಯ ಜಾತಿಗಿಂತ ಎಣ್ಣೆಯ ಇರುವಿಕೆ ಹೆಚ್ಚು ಮುಖ್ಯ.

ಈ ವಿಷಯ ಇಂಗ್ಲೆಂಡಿನ ಹವ್ಯಾಸಿಗಳಿಗೆ ಮಾತ್ರ ಸೇರಿದ್ದಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ 1960ರ ದಶಕದಲ್ಲಿ ಇದೇ ಹೆರಾಲ್ಡನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿ, ಮುಂದೆ ನಾಲ್ಕು ಬಾಗಿಲಿನ ರೂಪದಲ್ಲೂ ಹೊರತಂದಿತು. ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳ ಜೊತೆಗೆ ದಕ್ಷಿಣ ಭಾರತದ ರಸ್ತೆಗಳಲ್ಲಿ ಓಡಾಡಿದ ಮೂರನೆಯ ಕಾರು ಅದು. ಅಂದಿನ ಸರ್ವಿಸ್ ಸ್ಟೇಷನ್ನುಗಳಲ್ಲಿ ಕಾರನ್ನು ಎತ್ತಿ ತೊಳೆದು, ಕಂಡ ನಿಪ್ಪಲ್‌ಗಳಿಗೆಲ್ಲ ಗ್ರೀಸ್ ಒತ್ತುವುದು ವಾಡಿಕೆಯ ಸೇವೆಯಾಗಿತ್ತು. ಬಹುಪಾಲು ವಾಹನಗಳಿಗೆ ಹಿತವಾದ ಆ ವಾಡಿಕೆ ಹೆರಾಲ್ಡ್‌ನ ಟ್ರನಿಯನ್ನಿಗೆ ಮಾತ್ರ ಹೊಂದುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂದಿಗೂ ಉಳಿದಿರಬಹುದಾದ ಹೆರಾಲ್ಡ್ ಕಾರನ್ನು ಮರಳಿ ಓಡಿಸಲು ಹೊರಟವರು ಸ್ಪಿಟ್‌ಫೈರ್ ಕುರಿತ ಈ ಎಚ್ಚರಿಕೆಗಳನ್ನು ತಮ್ಮವೇ ಎಂದು ತಿಳಿಯಬಹುದು.

ಬ್ರಿಟಿಷ್ ಕಾರುಗಳ ದುರಸ್ತಿಯ ಬಗ್ಗೆ ಸಾಮಾನ್ಯೀಕರಿಸಿ ಮಾತನಾಡುವುದು ಏಕೆ ಅಪಾಯಕರ ಎಂಬುದಕ್ಕೆ ಸ್ಪಿಟ್‌ಫೈರ್ ಬಂದ ವರ್ಷವೇ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿ ಕಾರು ಒಳ್ಳೆಯ ಸಾಕ್ಷಿ. ಅದರಲ್ಲಿ ಕೆಳತುದಿಯ ಸ್ಕ್ರೂ ಏರ್ಪಾಡು ಇಲ್ಲ. ಕಿಂಗ್ ಪಿನ್ ಎಂಬ ನುಣುಪಾದ ಉಕ್ಕಿನ ಕಂಬದ ಸುತ್ತ ಚಕ್ರದ ಗೂಟವನ್ನು ಹೊತ್ತ ಭಾಗ ಎರಡು ಬುಷ್‌ಗಳ ಮೇಲೆ ತಿರುಗುತ್ತದೆ, ಮೇಲಿನ ತೋಳಿನ ಕೆಲಸವನ್ನು ಶಾಕ್ ಅಬ್ಸಾರ್ಬರ್‌ನ ತೋಳೇ ಮಾಡುತ್ತದೆ. ಆ ಕಿಂಗ್ ಪಿನ್ನಿಗೆ ಕೊಡಬೇಕಾದದ್ದು ಗ್ರೀಸೇ. ಸವೆದ ಬುಷ್‌ಗಳನ್ನು ಹೊರತೆಗೆದು ಹೊಸದನ್ನು ಒತ್ತಿ ಕೂರಿಸಿದ ಮೇಲೆ ರೀಮರ್ ಎಂಬ ಕೊರೆಯುವ ಉಪಕರಣದಿಂದ ಎರಡೂ ಬುಷ್‌ಗಳನ್ನು ಒಂದೇ ನೇರದಲ್ಲಿ ಪಿನ್ನಿನ ಅಳತೆಗೆ ತರುವುದು ಅಲ್ಲಿನ ಮುಖ್ಯ ಕುಶಲತೆ. ಹೀಗೆ ಒಂದೇ ದೇಶದ, ಒಂದೇ ವರ್ಷದ, ಒಂದೇ ಬಗೆಯ ಕೊಳ್ಳುಗರನ್ನು ಉದ್ದೇಶಿಸಿದ ಎರಡು ಕಾರುಗಳಲ್ಲಿ ಒಂದರ ಔಷಧಿ ಇನ್ನೊಂದಕ್ಕೆ ಹಾನಿ ಮಾಡಬಲ್ಲದಾದ್ದರಿಂದ, ಒಳ್ಳೆಯ ದುರಸ್ತಿ ಆ ನಿರ್ದಿಷ್ಟ ರಚನೆಯ ತಿಳಿವಳಿಕೆಯಿಂದಲೇ ಆರಂಭವಾಗಬೇಕು.

ತಿಳಿವಳಿಕೆಯ ನಂತರದ ಹೆಜ್ಜೆ ಪರೀಕ್ಷೆ. ಜ್ಯಾಕಿನಿಂದ ಚಕ್ರವನ್ನು ನೆಲಬಿಡಿಸಿ, ಸ್ಟ್ಯಾಂಡಿನ ಮೇಲೆ ಕಾರನ್ನು ಭದ್ರವಾಗಿ ಕೂರಿಸಿ, ಟಯರಿನ ಮೇಲ್ಭಾಗ ಮತ್ತು ಕೆಳಭಾಗಗಳನ್ನು ಹಿಡಿದು ಒಳಹೊರಗೆ ಅಲುಗಿಸಿದಾಗ ಕೈಗೆ ತಿಳಿಯುವ ಸಡಿಲವನ್ನು ಮೆಕ್ಯಾನಿಕ್ಕುಗಳು ಪ್ಲೇ ಎನ್ನುತ್ತಾರೆ. ಈ ಪ್ಲೇ ವೀಲ್ ಬೇರಿಂಗಿನದೋ ಕೀಲುಗಳದೋ ಎಂದು ಬಿಡಿಸಿ ತಿಳಿಯಲು ಇನ್ನೊಬ್ಬರಿಂದ ಬ್ರೇಕ್ ಪೆಡಲನ್ನು ಒತ್ತಿಸಬೇಕು. ಬ್ರೇಕ್ ಹಿಡಿದಾಗ ಹಬ್ ಮತ್ತು ವರ್ಟಿಕಲ್ ಲಿಂಕ್ ಒಂದಾಗಿ ಬಿಗಿದುಕೊಳ್ಳುವುದರಿಂದ ಬೇರಿಂಗಿನ ಸಡಿಲ ಮಾಯವಾಗುತ್ತದೆ. ಆಗಲೂ ಅಲುಗಾಟ ಉಳಿದರೆ ಅದು ಬಾಲ್ ಜಾಯಿಂಟಿನದೋ, ಟ್ರನಿಯನ್ನಿನದೋ, ವಿಶ್‌ಬೋನ್ ಬುಷ್‌ಗಳದೋ ಆಗಿರಬೇಕು, ಮತ್ತು ಪ್ರತಿ ಕೀಲಿನ ಮೇಲೆ ಬೆರಳಿಟ್ಟು ನೋಡಿದರೆ ಯಾವುದೆಂಬುದು ಗೊತ್ತಾಗುತ್ತದೆ. ವೀಲ್ ಬೇರಿಂಗ್ ಟೇಪರ್ ರೋಲರ್ ಬಗೆಯದಾದ್ದರಿಂದ ಅದಕ್ಕೆ ಅತ್ಯಲ್ಪ ಸಡಿಲ ಬೇಕೇ ಬೇಕು. ಅದನ್ನು ದೋಷವೆಂದು ತಿಳಿದು ಬಿಗಿದವರು ಬೇರಿಂಗನ್ನು ಸುಟ್ಟುಕೊಳ್ಳುತ್ತಾರೆ. ಕಿಟ್ಟಿನ ರೂಢಿಯ ಮೊದಲ ದೌರ್ಬಲ್ಯ ಇಲ್ಲಿಯೇ ಇದೆ: ಎಲ್ಲವನ್ನೂ ಬದಲಾಯಿಸುವುದೆಂದು ಮೊದಲೇ ತೀರ್ಮಾನಿಸಿದವರಿಗೆ ಏನು ಸವೆದಿದೆ, ಏಕೆ ಸವೆದಿದೆ ಎಂದು ಕೇಳುವ ಅಗತ್ಯವೇ ಕಾಣುವುದಿಲ್ಲ. ಒಂದು ಬದಿಯ ಬುಷ್ ಮಾತ್ರ ಓರೆಯಾಗಿ ತೇದಿದ್ದರೆ ಹಿಂದೆಂದೋ ಬಿದ್ದ ಪೆಟ್ಟಿನಿಂದ ವಿಶ್‌ಬೋನ್ ಬಾಗಿರಬಹುದು. ಆ ಸುಳಿವನ್ನು ಹಳೆಯ ಬುಷ್ ಜೊತೆಗೆ ಕಸಕ್ಕೆ ಎಸೆದರೆ ಹೊಸ ಬುಷ್ ಕೂಡ ಅದೇ ರೀತಿ ತೇಯುತ್ತದೆ.

ಬಿಚ್ಚುವ ಕೆಲಸದ ಮುಖ್ಯ ಅಡ್ಡಿ ಟ್ರನಿಯನ್ನಿನ ಅಡ್ಡ ಬೋಲ್ಟು. ಅದು ಉಕ್ಕಿನ ಕೊಳವೆಯೊಳಗೆ ತುಕ್ಕಿನಿಂದ ಬೆಸೆದುಹೋಗಿ ಸುತ್ತಿಗೆಯ ಪೆಟ್ಟಿಗೂ ಜಗ್ಗದೆ ಕುಳಿತಿರುವುದು ಸಾಮಾನ್ಯ. ಅಂಥಲ್ಲಿ ಬಲಪ್ರಯೋಗ ಮಾಡಿ ವಿಶ್‌ಬೋನಿನ ಕಿವಿಗಳನ್ನು ಬಾಗಿಸುವುದಕ್ಕಿಂತ ಬೋಲ್ಟನ್ನು ಎರಡೂ ಬದಿಯಲ್ಲಿ ಗರಗಸದಿಂದ ಕೊಯ್ಯುವುದೇ ವಿವೇಕದ ದಾರಿ. ಹೊಸ ಬೋಲ್ಟಿಗೆ ಜೋಡಣೆಯ ಹೊತ್ತಿನಲ್ಲಿ ತುಕ್ಕುನಿರೋಧಕ ಲೇಪ ಹಚ್ಚಿದರೆ ಮುಂದೆ ಅದನ್ನು ಬಿಚ್ಚುವವರ ಕೆಲಸ ಹಗುರವಾಗುತ್ತದೆ. ಸ್ಪ್ರಿಂಗನ್ನು ಶಾಕ್ ಅಬ್ಸಾರ್ಬರ್‌ನಿಂದ ಬೇರ್ಪಡಿಸುವಾಗ ತಕ್ಕ ಕಂಪ್ರೆಸರ್ ಇಲ್ಲದೆ ಕೈಹಾಕಬಾರದು. ಒತ್ತಿಹಿಡಿದ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿ ಪ್ರಾಣಾಪಾಯ ತರುವಷ್ಟಿರುತ್ತದೆ.

ಈ ದುರಸ್ತಿಯ ತಿರುಳು ಇರುವುದು ವರ್ಟಿಕಲ್ ಲಿಂಕನ್ನು ಟ್ರನಿಯನ್ನಿನಿಂದ ತಿರುಗಿಸಿ ಹೊರತೆಗೆದ ನಂತರದ ಪರೀಕ್ಷೆಯಲ್ಲಿ. ಥ್ರೆಡ್‌ಗಳ ನಡುವಿನ ಹಳೆಯ ಗ್ರೀಸು, ಕೆಸರು, ತುಕ್ಕುಗಳನ್ನು ದ್ರಾವಕದಿಂದ ಮತ್ತು ಬ್ರಶ್ಶಿನಿಂದ ಪೂರ್ತಿ ತೆಗೆದು, ಪ್ರತಿ ಸುತ್ತಿನ ತಳವನ್ನೂ, ವಿಶೇಷವಾಗಿ ಥ್ರೆಡ್ ಕೊನೆಗೊಂಡು ನುಣುಪಾದ ಕಂಬ ಶುರುವಾಗುವ ಎಡೆಯನ್ನೂ, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಬೇಕು. ಕುಳಿ ಬಿದ್ದಿದ್ದರೆ ಆ ಕಂಬವನ್ನು ಮರಳಿ ಬಳಸಬಾರದು. ಅದನ್ನು ಉಜ್ಜಿ ನುಣುಪುಗೊಳಿಸುವ ಯಾವ ಪ್ರಯತ್ನವೂ ಒಳಗಿನ ಬಿರುಕನ್ನು ಅಳಿಸಲಾರದು. ಕುಳಿ ಕಾಣದಿದ್ದರೂ ಬಿರುಕಿನ ಸಾಧ್ಯತೆ ಉಳಿದಿರುವುದರಿಂದ, ಲೋಹವನ್ನು ಅಯಸ್ಕಾಂತೀಯಗೊಳಿಸಿ ಅದರ ಮೇಲೆ ಸೂಕ್ಷ್ಮ ಕಬ್ಬಿಣದ ಕಣಗಳನ್ನು ಹರಡುವ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬಿರುಕಿದ್ದಲ್ಲಿ ಕಣಗಳು ಗೆರೆಯಾಗಿ ಕೂಡಿಕೊಂಡು ಅದನ್ನು ತೋರಿಸಿಕೊಡುತ್ತವೆ. ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ ಪರೀಕ್ಷಿಸುವ ಎಂಜಿನಿಯರಿಂಗ್ ಕಾರ್ಯಾಗಾರಗಳಲ್ಲಿ ದೊರೆಯುವ ಈ ಸೌಲಭ್ಯವನ್ನು ಸಸ್ಪೆನ್ಷನ್ ಕೆಲಸದಲ್ಲಿ ಬಳಸಿಕೊಳ್ಳುವವರು ವಿರಳ. ಕ್ರ್ಯಾಂಕ್‌ಶಾಫ್ಟ್ ಮುರಿದರೆ ಕಾರು ನಿಲ್ಲುತ್ತದೆ, ವರ್ಟಿಕಲ್ ಲಿಂಕ್ ಮುರಿದರೆ ಕಾರು ಹಿಡಿತ ತಪ್ಪುತ್ತದೆ. ಹಾಗಿರುವಾಗ ಪರೀಕ್ಷೆಯ ಆದ್ಯತೆ ತಲೆಕೆಳಗಾಗಿರುವುದು ಈ ಇಡೀ ಹವ್ಯಾಸದ ಗಂಭೀರ ದೋಷವೆಂದೇ ಹೇಳಬೇಕಾಗುತ್ತದೆ. ಹೊಸ ಟ್ರನಿಯನ್ನನ್ನು ಕುಳಿಬಿದ್ದ ಹಳೆಯ ಕಂಬಕ್ಕೆ ಜೋಡಿಸಿದರೆ ಅಲುಗಾಟ ನಿಲ್ಲುತ್ತದೆ, ಸ್ಟಿಯರಿಂಗ್ ಹಗುರವಾಗುತ್ತದೆ, ಕಾರು ವಾಸಿಯಾದಂತೆ ತೋರುತ್ತದೆ. ಅಪಾಯವೋ ಇದ್ದಲ್ಲೇ ಇದ್ದು, ಮೊದಲು ಎಚ್ಚರಿಕೆ ಕೊಡುತ್ತಿದ್ದ ಲಕ್ಷಣಗಳು ಮಾತ್ರ ಇಲ್ಲವಾಗಿರುತ್ತವೆ.

ಹೊಸ ಭಾಗಗಳ ಗುಣಮಟ್ಟವೂ ಏಕರೂಪವಾಗಿಲ್ಲ. ಮೂಲ ತಯಾರಿಕೆ ನಿಂತು ದಶಕಗಳಾಗಿರುವುದರಿಂದ ಇಂದು ದೊರೆಯುವ ಟ್ರನಿಯನ್, ಬಾಲ್ ಜಾಯಿಂಟ್, ಬುಷ್‌ಗಳು ಬೇರೆಬೇರೆ ಕಡೆ ಮರುತಯಾರಾದವು; ಅವುಗಳಲ್ಲಿ ಕೆಲವು ಮೂಲದಷ್ಟೇ ಚೊಕ್ಕವಾಗಿವೆ, ಕೆಲವು ಥ್ರೆಡ್‌ನ ಅಳತೆಯಲ್ಲಿ ತಪ್ಪಿ ಕಂಬದ ಮೇಲೆ ಬಿಗಿಯಾಗಿಯೋ ತೀರ ಸಡಿಲವಾಗಿಯೋ ಕೂರುತ್ತವೆ. ಆದ್ದರಿಂದ ಹೊಸ ಟ್ರನಿಯನ್ನನ್ನು ಎಣ್ಣೆ ಹಚ್ಚಿ ಕೈಯಿಂದಲೇ ತಿರುಗಿಸಿ ನೋಡಬೇಕು: ಅದು ಎಲ್ಲಿಯೂ ಹಿಡಿಯದೆ ಪೂರ್ತಿ ಇಳಿಯಬೇಕು, ಅಡ್ಡಕ್ಕೆ ಅಲುಗಬಾರದು. ಹಾಗೆ ಕೊನೆಯವರೆಗೆ ಇಳಿಸಿದ ಮೇಲೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಲು ಎಡೆಯಿರುವಂತೆ ಸುಮಾರು ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಇದನ್ನು ಮರೆತರೆ ತಿರುವಿನ ಕೊನೆಯಲ್ಲಿ ಕಂಬ ಟ್ರನಿಯನ್ನಿನ ತಳಕ್ಕೆ ತಾಗಿ ಎರಡಕ್ಕೂ ಹಾನಿಯಾಗುತ್ತದೆ. ಹಳೆಯ ಟ್ರನಿಯನ್ ಎಣ್ಣೆಯಲ್ಲಿ ಬಾಳಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದನ್ನೇ ಉಳಿಸಿಕೊಳ್ಳುವ ಧೈರ್ಯವೂ ಬೇಕು. ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂಬ ವಿವೇಚನೆಯೇ ಈ ಕಸುಬಿನಲ್ಲಿ ಪಳಗಿದವರನ್ನು ಉಳಿದವರಿಂದ ಬೇರ್ಪಡಿಸುತ್ತದೆ.

ವಿಶ್‌ಬೋನುಗಳ ಒಳತುದಿಯ ರಬ್ಬರ್ ಬುಷ್‌ಗಳ ವಿಷಯದಲ್ಲಿ ಇತ್ತೀಚಿನ ಒಲವು ಪಾಲಿಯುರಿಥೇನ್ ಎಂಬ ಗಡುಸಾದ ಕೃತಕ ವಸ್ತುವಿನತ್ತ ಹರಿದಿದೆ. ಅದು ಎಣ್ಣೆಗೆ ಕರಗುವುದಿಲ್ಲ, ಬೇಗ ಸೀಳುವುದಿಲ್ಲ, ಚಕ್ರದ ಕೋನವನ್ನು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೆ ಪ್ರತಿಯಾಗಿ ರಸ್ತೆಯ ಸಣ್ಣ ಕಂಪನಗಳನ್ನು ಛಾಸಿಗೆ ದಾಟಿಸುತ್ತದೆ, ಸರಿಯಾದ ಲೇಪವಿಲ್ಲದಿದ್ದರೆ ಕಿರುಗುಡುತ್ತದೆ. ರಬ್ಬರ್ ಮತ್ತು ಪಾಲಿಯುರಿಥೇನ್ ಕೆಲಸ ಮಾಡುವ ಬಗೆಯೇ ಬೇರೆ: ರಬ್ಬರ್ ಬುಷ್ ತನ್ನ ಉಕ್ಕಿನ ಕೊಳವೆಗೆ ಕಚ್ಚಿಕೊಂಡು, ತೋಳು ತೊನೆದಾಗ ತಾನೇ ತಿರುಚಿಕೊಂಡು ಮರಳಿ ಮೊದಲಿನಂತಾಗುತ್ತದೆ, ಪಾಲಿಯುರಿಥೇನ್ ಕೊಳವೆಯ ಮೇಲೆ ಜಾರುತ್ತದೆ. ಈ ಕಾರಣದಿಂದಲೇ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಕಾರು ತನ್ನ ಚಕ್ರಗಳ ಮೇಲೆ ತನ್ನ ಭಾರದಿಂದ ನಿಂತಾಗಲೇ ಆಗಬೇಕು. ಚಕ್ರ ಗಾಳಿಯಲ್ಲಿ ಜೋತುಬಿದ್ದಿರುವಾಗ ಬಿಗಿದರೆ, ಕಾರನ್ನು ಇಳಿಸಿದೊಡನೆ ರಬ್ಬರ್ ಶಾಶ್ವತವಾಗಿ ತಿರುಚಿಕೊಂಡ ಸ್ಥಿತಿಗೆ ಹೋಗಿ, ಕಾರು ಇರಬೇಕಾದದ್ದಕ್ಕಿಂತ ಎತ್ತರದಲ್ಲಿ ನಿಂತು, ಬುಷ್ ಬೇಗನೆ ಹರಿಯುತ್ತದೆ. ಹೊಸ ರಬ್ಬರ್ ಬಾಳುವುದಿಲ್ಲವೆಂಬ ದೂರುಗಳಲ್ಲಿ ಎಷ್ಟೋ ಈ ಒಂದು ತಪ್ಪಿನಿಂದ ಹುಟ್ಟಬಲ್ಲವು. ರೇಸಿಗಾಗಿ ಸಿದ್ಧಪಡಿಸುವ ಕಾರಿಗೆ ಗಡುಸು ಬುಷ್ ಉಚಿತವಿರಬಹುದು. ರಸ್ತೆಯಲ್ಲಿ ಓಡುವ ಸ್ಪಿಟ್‌ಫೈರ್‌ಗೆ ಸರಿಯಾಗಿ ಬಿಗಿದ ರಬ್ಬರ್ ಈಗಲೂ ಸಮರ್ಪಕ ಆಯ್ಕೆ.

ಜೋಡಣೆ ಮುಗಿದ ಮೇಲೆ ಚಕ್ರಗಳ ಕೋನವನ್ನು ಅಳೆಯದೆ ಬಿಡುವುದು ಇನ್ನೊಂದು ಅಪೂರ್ಣತೆ. ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ ಕ್ಯಾಂಬರ್. ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ ಕ್ಯಾಸ್ಟರ್. ಸ್ಪಿಟ್‌ಫೈರ್‌ನಲ್ಲಿ ಕೆಳಗಿನ ವಿಶ್‌ಬೋನಿನ ಬ್ರ್ಯಾಕೆಟ್‌ಗಳಿಗೂ ಛಾಸಿಗೂ ನಡುವೆ ಶಿಮ್ ಎಂಬ ತೆಳು ಲೋಹದ ಬಿಲ್ಲೆಗಳನ್ನು ಸೇರಿಸಿ ಅಥವಾ ತೆಗೆದು ಇವನ್ನು ತಿದ್ದಬಹುದು: ಎರಡೂ ಬ್ರ್ಯಾಕೆಟ್‌ಗಳಿಗೆ ಸಮವಾಗಿ ಸೇರಿಸಿದರೆ ಕೆಳಗಿನ ತೋಳು ಹೊರಸರಿದು ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಹಿಂದು ಮುಂದಿನ ಬ್ರ್ಯಾಕೆಟ್‌ಗಳ ನಡುವೆ ಹೆಚ್ಚುಕಡಿಮೆ ಮಾಡಿದರೆ ಕ್ಯಾಸ್ಟರ್ ಬದಲಾಗುತ್ತದೆ. ಬಿಚ್ಚುವಾಗ ಯಾವ ಬ್ರ್ಯಾಕೆಟ್ಟಿನಲ್ಲಿ ಎಷ್ಟು ಶಿಮ್‌ಗಳಿದ್ದವೆಂದು ಬರೆದಿಟ್ಟುಕೊಳ್ಳದವರು ಕಾರ್ಖಾನೆಯವರು ಆ ನಿರ್ದಿಷ್ಟ ಛಾಸಿಗೆ ಮಾಡಿದ ಹೊಂದಾಣಿಕೆಯನ್ನೇ ಕಳೆದುಕೊಳ್ಳುತ್ತಾರೆ.

ಟ್ರನಿಯನ್ನನ್ನು ಕೈಬಿಟ್ಟು ಅದರ ಜಾಗದಲ್ಲಿ ಬಾಲ್ ಜಾಯಿಂಟನ್ನು ಅಳವಡಿಸುವ ಮಾರ್ಪಾಡುಗಳೂ ಈಗ ಮಾರುಕಟ್ಟೆಯಲ್ಲಿವೆ. ಥ್ರೆಡ್ ಇಲ್ಲದಿದ್ದರೆ ಥ್ರೆಡ್‌ನ ತಳದ ಬಿರುಕೂ ಇಲ್ಲವೆಂಬ ಅವುಗಳ ತರ್ಕ ಸರಿಯಾದದ್ದೇ. ಎಣ್ಣೆ ಹಾಕುವವರಿಲ್ಲದ ಕಾರಿಗೆ ಅದು ಪ್ರಾಮಾಣಿಕ ಪರಿಹಾರವೂ ಹೌದು. ಆದರೆ ಬಾಲ್ ಜಾಯಿಂಟೂ ಸವೆಯುತ್ತದೆ, ಅದರ ಆಯಸ್ಸನ್ನೂ ಪರೀಕ್ಷಿಸುತ್ತಿರಬೇಕು, ಮತ್ತು ಆ ಜಾಗದಲ್ಲಿ ಅದು ಎಳೆತದ ಭಾರವನ್ನು ಹೊರಬೇಕಾದ್ದರಿಂದ ಅದರ ಗುಣಮಟ್ಟದಲ್ಲಿ ರಾಜಿ ಸಲ್ಲದು. ಮಾರ್ಪಾಡು ಆರೈಕೆಯ ಅಗತ್ಯವನ್ನು ಕಡಿಮೆ ಮಾಡಬಲ್ಲದು, ಇಲ್ಲವಾಗಿಸಲಾರದು. ಎಣ್ಣೆಯಲ್ಲಿ ತೇಲುವ ಟ್ರನಿಯನ್ ದಶಕಗಳ ಕಾಲ ಬಾಳಿರುವ ಅನೇಕ ಕಾರುಗಳಿರುವಾಗ, ಮೂಲ ರಚನೆಯನ್ನು ದೋಷಪೂರಿತವೆಂದು ತಳ್ಳಿಹಾಕುವುದು ನ್ಯಾಯವಾಗದು.

ಹಾಗಾದರೆ ಈ ದುರಸ್ತಿಯ ಮೌಲ್ಯಮಾಪನಕ್ಕೆ ಯಾವ ಅಳತೆಗೋಲು ಹಿಡಿಯಬೇಕು? ಸವೆತದ ಕಾರಣವನ್ನು ಹುಡುಕಲಾಯಿತೇ, ವರ್ಟಿಕಲ್ ಲಿಂಕನ್ನು ಹೊರತೆಗೆದು ಬಿರುಕಿಗಾಗಿ ಪರೀಕ್ಷಿಸಲಾಯಿತೇ, ಹೊಸ ಭಾಗಗಳ ಅಳತೆಯನ್ನು ನೋಡಿಯೇ ಒಪ್ಪಲಾಯಿತೇ, ಬುಷ್‌ಗಳನ್ನು ಕಾರಿನ ಭಾರದಡಿಯಲ್ಲಿ ಬಿಗಿಯಲಾಯಿತೇ, ಚಕ್ರಗಳ ಕೋನವನ್ನು ಅಳೆಯಲಾಯಿತೇ ಎಂಬ ಐದು ಪ್ರಶ್ನೆಗಳು ಕೆಲಸದ ಗುಣವನ್ನು ಹೇಳುತ್ತವೆ. ಆರನೆಯ ಪ್ರಶ್ನೆ ಅವೆಲ್ಲಕ್ಕಿಂತ ದೊಡ್ಡದು: ಮುಂದಿನ ಎಣ್ಣೆ ಯಾವಾಗ, ಯಾರಿಂದ? ಹಿಂದೆ ದಿನನಿತ್ಯ ಓಡುತ್ತಿದ್ದ ಕಾರಿಗೆ ಮೈಲಿಗಳ ಲೆಕ್ಕ ಸಾಕಾಗುತ್ತಿತ್ತು. ಈಗ ಸ್ಪಿಟ್‌ಫೈರ್ ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡಿ ಉಳಿದ ಕಾಲ ನಿಂತಿರುವುದರಿಂದ, 6,000 ಮೈಲಿ ತುಂಬುವಷ್ಟರಲ್ಲಿ ಹತ್ತಾರು ವರ್ಷಗಳೇ ಸಂದಿರುತ್ತವೆ, ತುಕ್ಕಂತೂ ಮೈಲಿಗಾಗಿ ಕಾಯುವುದಿಲ್ಲ. ಆದ್ದರಿಂದ ಓಡಿದ ದೂರ ಎಷ್ಟೇ ಇರಲಿ, ವರ್ಷಕ್ಕೊಮ್ಮೆಯಾದರೂ ಟ್ರನಿಯನ್ನಿಗೆ ಎಣ್ಣೆ ಒತ್ತಿ, ಹಳೆಯ ಎಣ್ಣೆ ಮೇಲಿನ ಸೀಲಿನಿಂದ ಹೊರಬರುವುದನ್ನು ಕಂಡ ಮೇಲೆಯೇ ನಿಲ್ಲಿಸಬೇಕು. ಎಣ್ಣೆ ಹಾಕಿದ ದಿನಾಂಕ, ಬಿರುಕು ಪರೀಕ್ಷೆಯ ಫಲಿತಾಂಶ, ಶಿಮ್‌ಗಳ ಸಂಖ್ಯೆ ಇವನ್ನು ಕಾರಿನ ಕಡತದಲ್ಲಿ ಬರೆದಿಟ್ಟು, ಕಾರು ಕೈಬದಲಾದಾಗ ಕೀಲಿಕೈಯೊಂದಿಗೆ ಆ ಕಡತವನ್ನೂ ಒಪ್ಪಿಸಬೇಕು. ಇಷ್ಟನ್ನು ಮಾಡಿದ ದುರಸ್ತಿ ಸಾಧಾರಣ ಗ್ಯಾರೇಜಿನಲ್ಲಿ ನಡೆದಿದ್ದರೂ ಉತ್ತಮವಾದದ್ದು. ಇದನ್ನು ಬಿಟ್ಟದ್ದು ಎಷ್ಟೇ ದುಬಾರಿ ಭಾಗಗಳಿಂದ ಕೂಡಿದ್ದರೂ ಅರ್ಧ ದುರಸ್ತಿಯೇ.